ತಾಯಿಯ ಹೆಸರಿನ ಚೀಟಿ

ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನಾಟಕ ಕಲಿಯುವವರಿಗೆ ಪುಸ್ತಕದ ಜೊತೆ ಡಬ್ಬಿಗಳನ್ನೂ ಕೊಡುತ್ತೇವೆ. ಒಂದೊಂದರಲ್ಲಿ ಯಾರೋ ಕೊಟ್ಟುಹೋದ ಒಂದು ನೆನಪು. ಮೂಸಿದರೆ ಅದು ಮೂಸಿದವರದೇ ಆಗುತ್ತದೆ. ಮೂರು ದಿನದೊಳಗೆ ಹಿಂದಿರುಗಿಸಬೇಕು, ಮೀರಿದರೆ ಅದು ಬಿಡದೆ ಅಂಟುತ್ತದೆ. ಅದಕ್ಕೇ ಒಯ್ಯುವಾಗ ತಮ್ಮ ತಾಯಿಯ ಹೆಸರನ್ನು ಚೀಟಿಯಲ್ಲಿ ಬರೆದಿಡಬೇಕು, ತಂದಾಗ ನೋಡದೆ ಹೇಳಬೇಕು.

ಬೆಂಕಿ ಬಿದ್ದ ಮನೆಯ ಹುಡುಗಿಯೊಬ್ಬಳ ಅಂಜಿಕೆಯ ಡಬ್ಬಿಯನ್ನು ಒಯ್ದಿದ್ದ ಇಂದುಮತಿ ಐದನೆಯ ದಿನ ಬಂದಳು. ಹಿಂದೆಯೇ ಅವಳ ತಾಯಿ ಬುತ್ತಿಯ ಚೀಲ ಹಿಡಿದು ಬಾಗಿಲಲ್ಲಿ ನಿಂತರು.

“ಯಾಕ ತಡಾ ಆತವಾ?” ಎಂದು ಇಂದುಮತಿಯನ್ನು ಕೇಳಿದೆ.

“ನಾಟಕ ಎರಡು ದಿನ ಹೆಚ್ಚಿಗಿ ನಡೀತ್ರೀ ಅಕ್ಕಾರ. ಮಂದಿ ಬಿಡಲೇ ಇಲ್ಲ.”

“ಆತು. ತಾಯಿ ಹೆಸರು ಹೇಳು.”

“ಚಂಪಕ್ಕ.”

ಚೀಟಿಯಲ್ಲಿ ಅವಳದೇ ಅಕ್ಷರದಲ್ಲಿ ಸರೋಜಿನಿ ಎಂದಿತ್ತು. ಚಂಪಕ್ಕ ಡಬ್ಬಿಯ ಹುಡುಗಿಯ ತಾಯಿ, ಆ ಬೆಂಕಿಯಲ್ಲಿ ತೀರಿಹೋದ ಹೆಂಗಸು. ನಾನು ಚೀಟಿಯನ್ನು ಮಗುಚಿ ಇಟ್ಟೆ.

“ಅವಸರ ಇಲ್ಲ. ನೆನಪು ಮಾಡಿಕೊಂಡು ಹೇಳವಾ.”

ಇಂದುಮತಿ ಮೇಜಿನ ಮೇಲೆ ಬಗ್ಗಿ ಪಿಸುಗುಟ್ಟಿದಳು. “ಬಾಗಲದಾಗ ನಿಂತಾಳಲ್ಲಾ, ಮೊದಲ ಆಕಿನ್ನ ಕಳಸ್ರೀ. ನನಗ ಅಂಜಿಕಿ ಬರಾಕತ್ತೇತಿ. ಮುಂಜಾನಿಂದ ‘ನಾನ ನಿಮ್ಮವ್ವ’ ಅಂತ ಬೆನ್ನ ಹತ್ಯಾಳ.”