ಕಾರಿನಡಿಯ ದನಿ

ಕಾರಿನಡಿ ಮಲಗಿದ್ದ ಮೆಕ್ಯಾನಿಕ್ ಬ್ರೇಕ್ ಪೈಪಿನ ನಟ್ಟನ್ನು ಬೇಕೆಂದೇ ಸಡಿಲ ಮಾಡುತ್ತಿದ್ದಾಗ ಎದೆಯೊಳಗಿಂದ ‘ಬೇಡ ಮಗನೇ’ ಎಂಬ ದನಿ ಬಂತು. ಬೆಳಿಗ್ಗೆ ಪ್ರಾರ್ಥನೆಗೆ ಮೊಣಕಾಲೂರಿದಾಗಲೂ ಇದೇ ದನಿ.

“ಏನೋ, ಅಡಿಯಲ್ಲೇ ಸಂಸಾರ ಹೂಡಿದ್ಯಾ?” ಹೊರಗೆ ನಿಂತಿದ್ದ ಕಾರಿನ ಸಾಹುಕಾರ ನಕ್ಕ. ಮೆಕ್ಯಾನಿಕ್‌ನ ಅಪ್ಪನ ಬಲಗೈ ನುಂಗಿದ ಮಿಲ್ಲು ಅವನದೇ. ಮಿಷನ್ನು ಕೆಟ್ಟಿದೆ ಎಂದರೂ ಅಪ್ಪನನ್ನು ಗದರಿಸಿ ಅದರ ಮುಂದೆ ನಿಲ್ಲಿಸಿದವನೂ ಅವನೇ.

“ಯೇಸಪ್ಪಾ, ಅವತ್ತು ಇವನಿಗೆ ಬೇಡ ಅನ್ನೋಕೆ ನಿನ್ನ ಬಾಯಿಗೇನಾಗಿತ್ತು?” ಮೆಕ್ಯಾನಿಕ್ ಹಲ್ಲು ಕಡಿದು ಪಿಸುಗುಟ್ಟಿದ.

‘ಅಂದಿದ್ದೆ. ಅವನು ಕೇಳಲಿಲ್ಲ.’

ಸಾಹುಕಾರನ ಸಾಲಿನಲ್ಲೇ ತಾನೂ ನಿಂತಿದ್ದೇನೆ ಎನಿಸಿ ಮೆಕ್ಯಾನಿಕ್‌ನ ಮೈ ತಣ್ಣಗಾಯಿತು. ಕಣ್ಣಲ್ಲಿ ನೀರು ಬಂತು, ಸಿಟ್ಟು ಮಾತ್ರ ಇಳಿಯಲಿಲ್ಲ. ಸಾಹುಕಾರನನ್ನು ಶಪಿಸುತ್ತಲೇ ಸ್ಪ್ಯಾನರ್ ಹಾಕಿ ನಟ್ಟು ಬಿಗಿದ. ಇನ್ನೊಮ್ಮೆ ಬಿಗಿದು ನೋಡಿದ.