ಸೊಟ್ಟ ಗ್ಲೌಸು

"ಬರೀ ಚೆಂಡು ಹಿಡಿಯೋ ಕೀಪರ್ ಈ ಕಾಲಕ್ಕೆ ಸಾಲಲ್ಲ ಕಣಯ್ಯ. ಬ್ಯಾಟಿಂಗೂ ತೋರಿಸ್ಬೇಕು. ಇವತ್ತು ನೀನೇ ಓಪನಿಂಗ್ ಹೋಗು," ಎಂದರು ಕೋಚ್.

ಹನ್ನೊಂದು ವರ್ಷ ವಿಕೆಟ್ ಹಿಂದೆ ಕೂತು, ಒಂಬತ್ತನೆಯವನಾಗಿ ಬ್ಯಾಟ್ ಹಿಡಿಯುತ್ತಿದ್ದವನು ಪ್ಯಾಡ್ ಕಟ್ಟಿಕೊಂಡ. ನೂರಾ ನಾಲ್ಕು ರನ್ ಹೊಡೆದು, ಔಟಾಗದೆ ವಾಪಸು ಬಂದ.

ಕೋಚ್ ಬೆನ್ನು ತಟ್ಟಿದರು. "ಇನ್ಮೇಲೆ ನೀನೇ ನಮ್ಮ ಓಪನರ್."

"ಕೀಪಿಂಗ್, ಸರ್?"

"ಅದ್ಯಾಕೆ ಇನ್ನು? ದಿನವಿಡೀ ಕೂತು ಎದ್ದು ಸುಸ್ತಾದ್ರೆ ಬ್ಯಾಟ್ ಹೇಗೆ ಬೀಸ್ತೀಯ? ಗ್ಲೌಸ್ ಚಿದಾನಂದನಿಗೆ ಕೊಟ್ಬಿಡು. ನೀನು ಬೌಂಡರಿಲಿ ನಿಂತ್ಕೋ."

"ನನಗೆ ಅದೇ ಒಗ್ಗಿತ್ತು, ಸರ್."

"ನೀನು ರನ್ ಹೊಡೀತಿರೋ ತನಕ ಗ್ಲೌಸಿನ ಮಾತು ಎತ್ಬೇಡ."

ಅವನು ಕೊಟ್ಟ. ಅವನ ಮುರಿದು ಕೂಡಿದ ಬೆರಳಿಗೆ ಹೊಂದಿಕೊಂಡು ಗ್ಲೌಸೂ ಸೊಟ್ಟಗಾಗಿತ್ತು. ಚಿದಾನಂದ ಅದನ್ನು ಹಿಗ್ಗಿಸಿ ಹಿಗ್ಗಿಸಿ ಹಾಕಿಕೊಂಡ.

ಮುಂದಿನ ಭಾನುವಾರ ಮೊದಲ ಚೆಂಡು ಎದುರಿಸಲು ಅವನೇ ನಿಂತ. ಯಾವುದು ಸ್ಟಂಪಿಗೆ ಬಡಿಯುತ್ತದೆ, ಯಾವುದು ಪಕ್ಕದಲ್ಲಿ ಹೋಗುತ್ತದೆ ಎಂಬುದು ಚೆಂಡು ಬೌಲರ್ ಕೈ ಬಿಟ್ಟ ಕೂಡಲೇ ಅವನಿಗೆ ತಿಳಿಯುತ್ತಿತ್ತು. ಇದು ನಡುವಿನ ಸ್ಟಂಪಿಗೇ ಬರುತ್ತಿತ್ತು.

ಅವನು ಬ್ಯಾಟನ್ನು ಮೇಲೆತ್ತಿ, ಚೆಂಡಿಗೆ ದಾರಿ ಬಿಟ್ಟ.