ಕೋಲಿಗೇರಿದ ಟೋಪಿ

ದೊರೆಯ ಪಾರುಪತ್ಯಗಾರ ಹೇಮೋ, ಹೆಂಡ ಮಾರುವ ಗುನಿಲ್ಡಾಳ ಬಾಗಿಲ ಮೇಲಿನ ಕೋಲಿನಿಂದ ಪೊರಕೆಯನ್ನು ಕಿತ್ತು, ಮೊಣಕಾಲಿಗೆ ಕೊಟ್ಟು ಲಟಕ್ಕನೆ ಮುರಿದ. ಬ್ರಾಮ್‌ವೆಲ್ ಪೇಟೆಯಲ್ಲಿ ಪೊರಕೆ ತೂಗಿತೆಂದರೆ ಆ ಮನೆಯ ಬಾರ್ಲಿ ಹೆಂಡ ಹದಕ್ಕೆ ಬಂದಿದೆಯೆಂದು ಗುರುತು. ಹೂಜಿ ಹಿಡಿದು ಬಂದ ಜನ ಅಲ್ಲೇ ನಿಂತುಬಿಟ್ಟರು.

"ಗುರುತಿಲ್ದೆ ಮಾರಿದ್ರೆ ಪೀಪಾಯಿನೇ ಚರಂಡಿಗೆ ಉರುಳಿಸ್ತೀನಿ. ಇನ್ಮೇಲೆ ಕೋಟೆ ಹೆಂಡಾನೇ ಕುಡೀಬೇಕು, ದೊರೆ ಅಪ್ಪಣೆ!" ಎಂದ ಹೇಮೋ.

"ಆ ಕಲಗಚ್ಚು ನಿಮ್ಮ ಕುದುರೇನೂ ಮೂಸಲ್ವಂತೆ, ಸ್ವಾಮಿ," ಎಂದಳು ಗುನಿಲ್ಡಾ. ಜನ ಗೊಳ್ಳೆಂದರು. "ಹಾಕಿದ್ ಗುರುತು ಕೀಳ್ಬಾರ್ದು ಅಂತ ಪೇಟೆ ಕಟ್ಟಳೆ ಇಲ್ವಾ?"

"ನಂಗೇ ಕಟ್ಟಳೆ ಹೇಳ್ತೀಯೇನೇ? ಕೋಲಲ್ಲಿ ಏನೇ ತೂಗ್ಲಿ, ಮೊದಲ್ನೇ ಲೋಟ ಗಿರಾಕಿ ಕೈ ಸೇರಿದ್ಮೇಲೆ, ಪೀಪಾಯಿ ಖಾಲಿ ಆಗೋ ತನಕ ದೊರೆನೂ ಕೀಳೋ ಹಾಗಿಲ್ಲ. ನೀನಿನ್ನೂ ಒಂದು ಲೋಟಾನೂ ಕೊಟ್ಟಿಲ್ವಲ್ಲ!" ಎನ್ನುತ್ತ ಅವನು ಪೊರಕೆಯ ತುಂಡುಗಳನ್ನು ಚರಂಡಿಗೆ ತಳ್ಳಲು ಬಗ್ಗಿದ.

ಬಗ್ಗಿದವನ ತಲೆಯ ಮೇಲಿನ, ದೊರೆಯ ಲಾಂಛನ ಹೊಲಿದ ಟೋಪಿಯನ್ನು ಗುನಿಲ್ಡಾ ಎಗರಿಸಿದಳು. ಮೆಟ್ಟಿಲ ಪಕ್ಕದ ಮುಕ್ಕಾಲಿ ಹತ್ತಿ ಅದನ್ನು ಕೋಲಿಗೆ ಸಿಕ್ಕಿಸಿ, ಇಳಿದವಳೇ ಲೋಟ ತುಂಬಿಸಿ ಚಮ್ಮಾರ ವಾಟನ ಕೈಗಿಟ್ಟಳು. ವಾಟ್ ಉಸಿರು ಬಿಡದೆ ಕುಡಿದು ಮೀಸೆ ಒರೆಸಿಕೊಂಡ.

ಹೇಮೋ ಕೋಲಿನತ್ತ ಕೈ ಎತ್ತಿದ. ಹೂಜಿ ಹಿಡಿದವರೆಲ್ಲ ಒಟ್ಟಾಗಿ ಒಂದು ಹೆಜ್ಜೆ ಮುಂದೆ ಬಂದರು. ಎತ್ತಿದ ಕೈಯಿಂದ ಅವನು ಬೋಳುತಲೆ ಕೆರೆದುಕೊಂಡ.

"ಟೋಪಿ ಎಲ್ಲೂ ಹೋಗಲ್ಲ, ಸ್ವಾಮಿ. ಪೀಪಾಯಿ ಖಾಲಿಯಾದ್ಮೇಲೆ ಬನ್ನಿ," ಎಂದಳು ಗುನಿಲ್ಡಾ. "ಬೇಗ ಬೇಕಂದ್ರೆ ಸಾಲಲ್ಲಿ ನಿಂತು ನೀವೂ ಕುಡೀರಿ."